ಚುಕ್ಕಿಯ ಬಲಕ್ಕೊಂದು ಸೊನ್ನೆ

ಎರಡೂವರೆಯನ್ನು ಅಂಕಿಯಲ್ಲಿ ಬರೆಯಿರಿ ಎಂದು ಆರನೇ ತರಗತಿಯ ಮಕ್ಕಳಿಗೆ ಹೇಳಿ ನೋಡಿ. ದಿನವೂ ಅಂಗಡಿಗೆ ಹೋಗಿಬರುವ ಹುಡುಗಿ 2.50 ಎಂದು ಬರೆಯುತ್ತಾಳೆ. ಎರಡು ರೂಪಾಯಿ ಐವತ್ತು ಪೈಸೆ. ಕ್ರಿಕೆಟ್ಟಿನ ಹುಚ್ಚು ಹತ್ತಿದವನು 2.3 ಎನ್ನುತ್ತಾನೆ, ಎರಡು ಓವರ್ ಮುಗಿದು ಮೂರು ಬಾಲ್ ಆಗಿದೆ, ಓವರಿಗೆ ಆರು ಬಾಲ್, ಅಲ್ಲಿಗೆ ಎರಡೂವರೆ ಓವರ್. ಗಡಿಯಾರದ ಕಡೆಗೇ ಕಣ್ಣಿಟ್ಟು ಕೂತವನಿಗೆ ಅದು 2.30. ಅಪ್ಪನ ಜೊತೆ ತಾಲ್ಲೂಕು ಕಚೇರಿಗೆ ಹೋಗಿಬಂದವನು 2.20 ಎಂದು ಬರೆದು ತೋರಿಸುತ್ತಾನೆ. ಪುಸ್ತಕ ಓದಿದವರು 2.5 ಎನ್ನುತ್ತಾರೆ. ಐದೂ ಸರಿ. ಐದರಲ್ಲೂ ಚುಕ್ಕಿ ಇದೆ, ಮೂರರ ಕೊನೆಗೆ ಸೊನ್ನೆ ಇದೆ. ಆದರೆ ಆ ಚುಕ್ಕಿಗಳೂ ಆ ಸೊನ್ನೆಗಳೂ ಮಾಡುವ ಕೆಲಸ ಬೇರೆ ಬೇರೆ.

ಹಾಸನ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾದವಳು ನಾನು. ಈ ಐದು ಉತ್ತರಗಳನ್ನೂ ಮಕ್ಕಳ ಕೈಬರಹದಲ್ಲೇ ಕಂಡಿದ್ದೇನೆ. ಅವುಗಳಲ್ಲಿ 2.20 ಎಂದು ಪಹಣಿಯ, ಅಂದರೆ ಜಮೀನಿನ ದಾಖಲೆಯ, ಉತ್ತರ ಕೊಟ್ಟ ಹುಡುಗ ಇಂದಿಗೂ ಕಣ್ಣಿಗೆ ಕಟ್ಟಿದಂತಿದ್ದಾನೆ. ಭೂಮಿ ಯೋಜನೆಯಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರಿನ ಪಹಣಿ ಬಂದಿದ್ದ ಹೊಸತು. ದಶಮಾಂಶದ ಮೊದಲನೇ ಪಾಠ. ಬೋರ್ಡಿನ ಮೇಲೆ 2.5 ಎಂದು ಬರೆದು, ಇದು ಎರಡೂವರೆ ಎಂದೆ. ಹಿಂದಿನ ಸಾಲಿನಿಂದ ಎದ್ದು ನಿಂತ.

"ಮಿಸ್, ಅದು ಎರಡೂವರೆ ಅಲ್ಲ. ನಮ್ಮ ಹೊಲ ಎರಡೂವರೆ ಎಕ್ರೆ. ಪಾಣೀಲಿ 2.20 ಅಂತ ಐತೆ."

ತರಗತಿ ನಕ್ಕಿತು. ಅವನು ಕೂರಲಿಲ್ಲ. ಮರುದಿನ ಅಪ್ಪನ ಪೆಟ್ಟಿಗೆಯಿಂದ ಪಹಣಿಯ ಜೆರಾಕ್ಸನ್ನೇ ತಂದುಬಿಟ್ಟ. ನಾಲ್ಕಾಗಿ ಮಡಿಸಿದ ಹಾಳೆ, ಮಡಿಕೆಯ ಗೆರೆಯಲ್ಲಿ ಅಕ್ಷರ ಮಾಸಿಹೋಗಿತ್ತು. ವಿಸ್ತೀರ್ಣದ ಕಾಲಂ ಮೇಲೆ ಬೆರಳಿಟ್ಟು ತೋರಿಸಿದ. ಅಲ್ಲಿದ್ದದ್ದು ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ; ಇಪ್ಪತ್ತು ಗುಂಟೆ ಅಂದರೆ ಅರ್ಧ. ಹುಡುಗನ ಮಾತು ಅಕ್ಷರಶಃ ಸರಿ.

ಅವತ್ತು ಪುಸ್ತಕದ ಪಾಠ ಪಕ್ಕಕ್ಕಿಟ್ಟೆ. ಬೋರ್ಡಿನ ಮೇಲೆ 1.25 + 1.25 ಎಂದು ಬರೆದೆ. ತರಗತಿಯೆಲ್ಲ 2.50 ಎಂದಿತು. ಅವನು ಬೆರಳು ಮಡಿಸಿ ಲೆಕ್ಕ ಹಾಕಿ 3.10 ಎಂದ. ಇಪ್ಪತ್ತೈದಕ್ಕೆ ಇಪ್ಪತ್ತೈದು ಸೇರಿ ಐವತ್ತು ಗುಂಟೆ, ಅದರಲ್ಲಿ ನಲವತ್ತು ಎಕರೆಗೆ ಹೋಯಿತು, ಹತ್ತು ಉಳಿಯಿತು. ಅವನು ದಶಕ ಒಯ್ಯಲಿಲ್ಲ, ನಲವತ್ತನ್ನು ಒಯ್ದ. ಹನ್ನೊಂದು ವರ್ಷದ ಹುಡುಗ ಮನೆಯಲ್ಲಿ ಕೇಳಿಸಿಕೊಂಡ ಮಾತಿನಿಂದಲೇ ಇದನ್ನು ಕಲಿತಿದ್ದ. ಅಂಥ ಮಗುವಿಗೆ 'ನೀನು ತಪ್ಪು' ಎಂದು ಹೇಳಿ ಕೂರಿಸಿದ್ದರೆ ಗಣಿತದ ಮೇಲಿನ ನಂಬಿಕೆಯೇ ಹೋಗುತ್ತಿತ್ತು.

ಆಮೇಲೆ ಈ ಚುಕ್ಕಿಗಳನ್ನು ಸಾಲಾಗಿ ಬರೆದು ಮಕ್ಕಳ ಎದುರಿಗೇ ವಿಂಗಡಿಸುವುದನ್ನು ರೂಢಿ ಮಾಡಿಕೊಂಡೆ. ಪಹಣಿಯಲ್ಲಿ ಚುಕ್ಕಿಯ ಎಡಕ್ಕೆ ಎಕರೆ, ಬಲಕ್ಕೆ ಗುಂಟೆ. ಗಡಿಯಾರದಲ್ಲಿ ಗಂಟೆ, ನಿಮಿಷ. ಸ್ಕೋರಿನಲ್ಲಿ ಓವರ್, ಬಾಲ್. ಇಲ್ಲೆಲ್ಲ ಚುಕ್ಕಿ ಎರಡು ಬೇರೆ ಬೇರೆ ಎಣಿಕೆಗಳ ನಡುವೆ ನಿಂತಿದೆ. ಬಲಗಡೆ ಇರುವ ಇಪ್ಪತ್ತು ನಿಜವಾಗಿಯೂ ಇಪ್ಪತ್ತೇ, ಇಪ್ಪತ್ತು ಗುಂಟೆ. ಅದರ ಸೊನ್ನೆಯನ್ನು ಅಳಿಸಿದರೆ ಹದಿನೆಂಟು ಗುಂಟೆ ನೆಲ ಹೋಯಿತು. ದಶಮಾಂಶದ 2.20ರಲ್ಲಿ ಹಾಗಲ್ಲ. ಅಲ್ಲಿ ಬಲಗಡೆ ಇಪ್ಪತ್ತು ಎಂಬುದೇ ಇಲ್ಲ. ಹತ್ತನೇ ಭಾಗದ ಎರಡು ಇದೆ, ನೂರನೇ ಭಾಗ ಸೊನ್ನೆ. ಅಳಿಸಿದರೂ ಬೆಲೆ ಅಷ್ಟೇ.

ರೂಪಾಯಿ ಈ ಎರಡಕ್ಕೂ ನಡುವೆ ಸಿಕ್ಕಿಕೊಂಡಿದೆ, ಅದಕ್ಕೇ ನನಗೆ ಅದರ ಮೇಲೆ ಅಸಮಾಧಾನ. ನೂರು ಪೈಸೆಗೆ ಒಂದು ರೂಪಾಯಿ ಆದ್ದರಿಂದ 2.50 ದಶಮಾಂಶವೂ ಹೌದು. ಆದರೆ ಯಾರೂ ಅದನ್ನು ಹಾಗೆ ಓದುವುದಿಲ್ಲ. ಎರಡು ರೂಪಾಯಿ, ಐವತ್ತು ಪೈಸೆ ಎಂದೇ ಓದುತ್ತಾರೆ. ನಮ್ಮ ಪಾಠಗಳು ದಶಮಾಂಶವನ್ನು ಹಣದಿಂದ ಶುರು ಮಾಡುವುದು ವಾಡಿಕೆ. ಸುಲಭ ಎಂಬುದೇನೋ ನಿಜ. ಆದರೆ ಆ ದಾರಿಯಲ್ಲಿ ಬಂದ ಮಗುವಿಗೆ 0.35 ದೊಡ್ಡದೋ 0.4 ದೊಡ್ಡದೋ ಎಂದು ಕೇಳಿದರೆ ತಟ್ಟನೆ 0.35 ಎನ್ನುತ್ತದೆ. ಮೂವತ್ತೈದು ನಾಲ್ಕಕ್ಕಿಂತ ದೊಡ್ಡದಲ್ಲವೆ? ದಡ್ಡತನದಿಂದ ಬಂದ ಉತ್ತರ ಅಲ್ಲ ಇದು. ಚುಕ್ಕಿಯ ಬಲಗಡೆ ಇರುವುದು ಇನ್ನೊಂದು ಪೂರ್ಣ ಸಂಖ್ಯೆ ಎಂದು ಊರು ಕಲಿಸಿದೆ, ಅಂಗಡಿ ಕಲಿಸಿದೆ, ಪಹಣಿ ಕಲಿಸಿದೆ. ಅದನ್ನೇ ಮಗು ತರಗತಿಗೆ ತಂದಿದೆ.

ದೊಡ್ಡವರೂ ಇದಕ್ಕೆ ಹೊರತಲ್ಲ. ನಮ್ಮ ಊರಿನಲ್ಲೇ ಅಣ್ಣತಮ್ಮಂದಿರು ಹಂಚಿಕೊಂಡ ಪಾಲುಪಟ್ಟಿಯಲ್ಲಿ ಯಾರೋ ಕೈಯಲ್ಲಿ 1.5 ಎಂದು ಬರೆದಿಟ್ಟಿದ್ದರು. ತಮ್ಮ ಅದನ್ನು ಒಂದೂವರೆ ಎಕರೆ ಎಂದ. ಅಣ್ಣ ಒಂದು ಎಕರೆ ಐದು ಗುಂಟೆ ಎಂದ. ನಡುವಿನ ವ್ಯತ್ಯಾಸ ಹದಿನೈದು ಗುಂಟೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಹದಿನೈದು ಗುಂಟೆಗೆ 16,335 ಚದರಡಿ. ಅಷ್ಟು ನೆಲ ಒಂದು ಸೊನ್ನೆಯ ಮೇಲೆ ನಿಂತಿತ್ತು. 1.05 ಎಂದು ಬರೆದಿದ್ದರೆ ಮಾತೇ ಬರುತ್ತಿರಲಿಲ್ಲ. ಕೊನೆಗೆ ಸರ್ವೆಯವರು ಬಂದು ಹಳೆಯ ನಕ್ಷೆ ಹಿಡಿದು ಅಳೆಯಬೇಕಾಯಿತು. ಅಷ್ಟು ಹೊತ್ತಿಗೆ ಎರಡು ಮನೆಗಳ ನಡುವೆ ಮಾತು ನಿಂತುಹೋಗಿತ್ತು.

ಸೊನ್ನೆಯ ತೊಡಕು ಚುಕ್ಕಿಯಿಂದ ಶುರುವಾಗುವುದೂ ಅಲ್ಲ. ಎರಡನೇ, ಮೂರನೇ ತರಗತಿಯಲ್ಲೇ ಅದರ ಬೇರು ಇದೆ. ಉಕ್ತಲೇಖನದಲ್ಲಿ ನಾನೂರ ಏಳು ಎಂದರೆ ಕೆಲವು ಮಕ್ಕಳು 4007 ಎಂದು ಬರೆಯುತ್ತಾರೆ. ಕಿವಿಗೆ ಬಿದ್ದದ್ದನ್ನು ಬಿದ್ದಂತೆ ಬರೆದಿದ್ದಾರೆ: ಮೊದಲು ನಾನೂರು, ಆಮೇಲೆ ಏಳು. ಬಾಯಿಮಾತಿನಲ್ಲಿ ನೂರು, ಸಾವಿರ ಎಂಬ ಸ್ಥಾನದ ಹೆಸರು ಅಂಕಿಯ ಜೊತೆಗೇ ಬರುತ್ತದೆ. ಹಾಗಾಗಿ ನಡುವೆ ಹತ್ತುಗಳಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಬರಹದಲ್ಲಿ ಆ ಹೆಸರು ಬಿಟ್ಟುಹೋಗಿ ಅಂಕಿ ನಿಂತ ಜಾಗವೇ ಹೆಸರಾಗುತ್ತದೆ. ಆಗ ಖಾಲಿ ಜಾಗವನ್ನೂ ತೋರಿಸಲೇಬೇಕು. ಇದನ್ನು ಹೇಗೆ ಹೇಳುವುದು ಎಂದು ನಾನು ತಡಕಾಡುತ್ತಿದ್ದಾಗ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು, "ಬಸ್ಸಲ್ಲಿ ಟವಲ್ ಹಾಕ್ದಂಗೆ ಅಲ್ವಾ ಮಿಸ್?" ಎಂದಳು. ಕಿಟಕಿಯಿಂದ ಸೀಟಿನ ಮೇಲೆ ಟವಲ್ ಎಸೆದರೆ ಸಾಕು, ಅಲ್ಲಿ ಯಾರೂ ಕೂತಿಲ್ಲ, ಆದರೂ ಇನ್ನೊಬ್ಬರು ಕೂರುವಂತಿಲ್ಲ. 407ರಲ್ಲಿ ಸೊನ್ನೆ ಹಾಗೆ ಹತ್ತರ ಸೀಟು ಹಿಡಿದು ಕೂತಿದೆ. ಟವಲ್ ತೆಗೆದರೆ ನಾಲ್ಕು ನೂರರ ಜಾಗದಿಂದ ಹತ್ತರ ಜಾಗಕ್ಕೆ ಜಾರಿ 47 ಆಗುತ್ತದೆ. ಅಂದಿನಿಂದ ಎಷ್ಟೋ ತರಗತಿಗಳಿಗೆ ಅವಳ ಮಾತನ್ನೇ ಹೇಳಿದ್ದೇನೆ.

ಮಕ್ಕಳಿಗೆ ನಾವು ಮೊದಲು ಹೇಳಿಕೊಡುವುದು ಸೊನ್ನೆ ಎಂದರೆ ಏನೂ ಇಲ್ಲ ಎಂದು. ಬುಟ್ಟಿಯಲ್ಲಿ ಮೂರು ಮಾವಿನಹಣ್ಣು ಇದ್ದವು, ಮೂರೂ ತಿಂದೆವು, ಉಳಿದದ್ದು ಸೊನ್ನೆ. ಅದು ಸರಿಯೇ. ಆದರೆ ಅಲ್ಲಿಗೇ ನಿಂತರೆ ಮುಂದಿನ ನಾಲ್ಕೈದು ವರ್ಷ ಮಗು ಒದ್ದಾಡುತ್ತದೆ. ಏನೂ ಇಲ್ಲದ್ದನ್ನು ಬರೆಯುವುದೇಕೆ, ಬರೆದರೂ ಬಿಟ್ಟರೂ ಒಂದೇ ಎಂಬ ಭಾವನೆ ಗಟ್ಟಿಯಾಗುತ್ತದೆ. ಅದರ ಜೊತೆಗೆ ಇನ್ನೊಂದು ಅಡ್ಡದಾರಿಯ ಸೂತ್ರ: ಹತ್ತರಿಂದ ಗುಣಿಸಬೇಕಾದರೆ ಪಕ್ಕಕ್ಕೊಂದು ಸೊನ್ನೆ ಹಾಕು. ಈ ಸೂತ್ರವನ್ನು ನನ್ನ ತರಗತಿಯ ಬಾಗಿಲೊಳಗೆ ಬಿಟ್ಟುಕೊಳ್ಳಬಾರದು ಎಂದು ಹಟ ಮಾಡಿದ್ದೇನೆ. ಪೂರ್ಣ ಸಂಖ್ಯೆ ಇರುವವರೆಗೆ ಅದು ಉತ್ತರ ಕೊಡುತ್ತದೆ. 25ಕ್ಕೆ ಸೊನ್ನೆ ಹಾಕಿದರೆ 250. ಚುಕ್ಕಿ ಬಂದ ದಿನ ಮಗು 2.5ನ್ನು ಹತ್ತರಿಂದ ಗುಣಿಸಿ 2.50 ಎಂದು ಬರೆದು ಶಾಂತವಾಗಿ ಕೂರುತ್ತದೆ. ನಿಜವಾಗಿ ಆಗುವುದು ಏನೆಂದರೆ ಪ್ರತಿ ಅಂಕಿಯೂ ಒಂದೊಂದು ಮನೆ ಎಡಕ್ಕೆ ಸರಿಯುತ್ತದೆ. 25 ಎಡಕ್ಕೆ ಸರಿದಾಗ ಬಿಡಿಸ್ಥಾನ ಬರಿದಾಗುವುದರಿಂದ ಅಲ್ಲಿ ಸೊನ್ನೆ ಬರೆಯುತ್ತೇವೆ. 2.5 ಸರಿದಾಗ ಬಿಡಿಸ್ಥಾನಕ್ಕೆ ಐದು ಬಂದು ಕೂತಿದೆ, ಸೊನ್ನೆಗೆ ಕೆಲಸವಿಲ್ಲ.

ಇಲ್ಲೇ ಇನ್ನೊಂದು ವಿಷಯ. ಚುಕ್ಕಿಯನ್ನು ನಡುಮಧ್ಯೆ ಇಟ್ಟು ಎಡಕ್ಕೆ ಬಿಡಿ, ಹತ್ತು, ನೂರು ಎಂದು ಹೇಳಿದ ಮಕ್ಕಳು ಬಲಕ್ಕೂ ಮೊದಲ ಮನೆಗೆ 'ಬಿಡಿ'ಯಂಥದೇ ಒಂದು ಹೆಸರು ಹುಡುಕುತ್ತಾರೆ. ಅಂಥ ಮನೆಯೇ ಇಲ್ಲವಲ್ಲ ಎಂದು ಗಲಿಬಿಲಿಗೊಳ್ಳುತ್ತಾರೆ. ನಡುಮಧ್ಯೆ ಇರುವುದು ಚುಕ್ಕಿಯಲ್ಲ, ಬಿಡಿಸ್ಥಾನ. ಅದರ ಎಡಕ್ಕೆ ಹತ್ತು, ಬಲಕ್ಕೆ ಹತ್ತನೇ ಒಂದು. ಇನ್ನೊಂದು ಹೆಜ್ಜೆ ಆಚೆ ನೂರು, ಈಚೆ ನೂರನೇ ಒಂದು. ಚುಕ್ಕಿ ಬಿಡಿಸ್ಥಾನ ಯಾವುದೆಂದು ತೋರಿಸುವ ಗುರುತು ಮಾತ್ರ. ಇದು ಮನಸ್ಸಿಗೆ ಇಳಿದರೆ ಸೊನ್ನೆಯ ನಡವಳಿಕೆ ತಾನಾಗಿ ಬಿಡಿಸಿಕೊಳ್ಳುತ್ತದೆ. 5ರ ಬಲಕ್ಕೆ ಸೊನ್ನೆ ಬಂದರೆ ಐದು ಹತ್ತರ ಮನೆಗೆ ಹತ್ತಿ 50 ಆಗುತ್ತದೆ. ಎಡಕ್ಕೆ ಬಂದರೆ 05, ಏನೂ ಬದಲಾಗದು. ಚುಕ್ಕಿಯಿಂದಾಚೆ ಅದು ತಲೆಕೆಳಗು. 0.5ರ ಬಲಕ್ಕೆ ಸೊನ್ನೆ ಹಾಕಿದರೆ ಬೆಲೆ ಅಲುಗುವುದಿಲ್ಲ. ಚುಕ್ಕಿಗೂ ಐದಕ್ಕೂ ನಡುವೆ ಹಾಕಿದರೆ ಐದು ಶತಾಂಶದ ಮನೆಗೆ ಇಳಿದು 0.05 ಆಗುತ್ತದೆ, ಹತ್ತು ಪಟ್ಟು ಕುಸಿಯುತ್ತದೆ. ಹತ್ತು ಅಡ್ಡ ಹತ್ತು ಉದ್ದ ಗೆರೆ ಹಾಕಿದ ಚೌಕದಲ್ಲಿ ಮಕ್ಕಳ ಕೈಯಲ್ಲೇ ಬಣ್ಣ ಹಚ್ಚಿಸುತ್ತಿದ್ದೆ. 0.4ಕ್ಕೆ ನಾಲ್ಕು ಪಟ್ಟಿ, ಎಣಿಸಿದರೆ ನಲವತ್ತು ಮನೆ. 0.35ಕ್ಕೆ ಮೂವತ್ತೈದು ಮನೆ. 0.05ಕ್ಕೆ ಮೂಲೆಯಲ್ಲಿ ಐದೇ ಐದು. ಬಣ್ಣ ಹಚ್ಚಿ ಮುಗಿಸಿದ ಮೇಲೆ ಜಗಳ ಇರುತ್ತಿರಲಿಲ್ಲ. ಓದುವಾಗಲೂ ಒಂದು ಕಟ್ಟುನಿಟ್ಟು ಇತ್ತು: 'ಸೊನ್ನೆ ಪಾಯಿಂಟ್ ಮೂವತ್ತೈದು' ಎನ್ನುವಂತಿಲ್ಲ, 'ಸೊನ್ನೆ ಪಾಯಿಂಟ್ ಮೂರು ಐದು' ಎನ್ನಬೇಕು.

ಚುಕ್ಕಿಯ ಬಲಗಡೆಯ ಸೊನ್ನೆಯ ಮೇಲೆ ನನಗೆ ಇಷ್ಟೊಂದು ಮಮತೆ ಹುಟ್ಟಿದ್ದಕ್ಕೆ ಮೂಲ ನಮ್ಮೂರಿನ ಹಾಲಿನ ಡೇರಿ. ವಿಶ್ವಬ್ಯಾಂಕಿನ ನೆರವಿನ ಡೇರಿ ಯೋಜನೆ 1974ರಲ್ಲಿ ಶುರುವಾದ ಮೇಲೆ ಹಾಸನದ ಸುತ್ತಮುತ್ತ ಹಳ್ಳಿಹಳ್ಳಿಗೂ ಹಾಲು ಉತ್ಪಾದಕರ ಸಹಕಾರ ಸಂಘಗಳು ಬಂದವು. ನಮ್ಮೂರ ಸಂಘಕ್ಕೆ ಅಪ್ಪ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹಾಲು ಅಳೆದು, ಪ್ರತಿಯೊಬ್ಬರ ಹಾಲಿನಿಂದ ಸ್ವಲ್ಪ ಮಾದರಿ ಬಾಟಲಿಗೆ ಹಾಕಿ, ಫ್ಯಾಟ್ ನೋಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅವರ ಪಕ್ಕ ಲೆಡ್ಜರ್ ಹಿಡಿದು ಕೂರುತ್ತಿದ್ದೆ.

ಆ ಪರೀಕ್ಷೆ ನೋಡುವುದೇ ಒಂದು ಸಂಭ್ರಮ. ಕತ್ತು ಸಣ್ಣಗಿರುವ ಗಾಜಿನ ಕೊಳವೆ, ಬ್ಯುಟಿರೋಮೀಟರ್. ಅದಕ್ಕೆ 10 ಮಿಲಿ ಗಂಧಕಾಮ್ಲ, ಅದರ ಮೇಲೆ ಪಿಪೆಟ್ಟಿನಿಂದ 10.75 ಮಿಲಿ ಹಾಲು, ಕೊನೆಗೆ 1 ಮಿಲಿ ಅಮೈಲ್ ಆಲ್ಕೋಹಾಲ್. ಬಿರಡೆ ಬಿಗಿದು ಅಲ್ಲಾಡಿಸಿದರೆ ಕೊಳವೆ ಕೈ ಸುಡುವಷ್ಟು ಬಿಸಿಯಾಗುತ್ತಿತ್ತು, ಒಳಗೆ ಕಡು ಕಂದು ಬಣ್ಣ. ಬಟ್ಟೆ ಸುತ್ತಿ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಕೈಯಿಂದ ಗಿರಗಿರನೆ ತಿರುಗಿಸುವ ಯಂತ್ರದಲ್ಲಿ ಕೊಳವೆಗಳನ್ನು ಎದುರುಬದುರು ಜೋಡಿಸಿ ತಿರುಗಿಸುವುದು. ಹೊರತೆಗೆದಾಗ ಕೊಬ್ಬು ಬೇರ್ಪಟ್ಟು ಕತ್ತಿನ ಭಾಗಕ್ಕೆ ಬಂದಿರುತ್ತಿತ್ತು, ತಿಳಿ ಹಳದಿ ಬಣ್ಣದ ಸಣ್ಣ ಕಂಬ. ಕತ್ತಿನ ಮೇಲೆ ಗೆರೆಗಳು. ಒಂದು ದೊಡ್ಡ ಗೆರೆಯಿಂದ ಇನ್ನೊಂದಕ್ಕೆ ಒಂದು ಪರ್ಸೆಂಟ್, ನಡುವಿನ ಪ್ರತಿ ಸಣ್ಣ ಗೆರೆಯೂ 0.1. ಅಪ್ಪ ಅದನ್ನು ಲಾಟೀನಿನ ಬೆಳಕಿಗೆ ಕಣ್ಣ ಮಟ್ಟಕ್ಕೆ ಹಿಡಿದು, ಬಿರಡೆಯನ್ನು ಸ್ವಲ್ಪ ಒತ್ತಿ ಕಂಬದ ಬುಡವನ್ನು ದೊಡ್ಡ ಗೆರೆಗೆ ಸರಿಹೊಂದಿಸಿ, ಮೇಲಿನ ಅಂಚನ್ನು ಓದುತ್ತಿದ್ದರು. "ಮೂರು ಪಾಯಿಂಟ್ ಆರು. ಬರ್ಕೊ." ಹತ್ತನೇ ಒಂದು ಎಂಬುದು ಪುಸ್ತಕದಲ್ಲಿ ಬರುವ ಮುಂಚೆಯೇ ನನಗೆ ಬೆರಳಲ್ಲಿ ತೋರಿಸಬಹುದಾದ ಗೆರೆಯಾಗಿತ್ತು.

ಒಮ್ಮೊಮ್ಮೆ ಕಂಬ ಸರಿಯಾಗಿ ದೊಡ್ಡ ಗೆರೆಗೇ ನಿಲ್ಲುತ್ತಿತ್ತು. ಆಗ ಅಪ್ಪ "ನಾಲ್ಕು" ಎನ್ನುತ್ತಿರಲಿಲ್ಲ, "ನಾಲ್ಕು ಪಾಯಿಂಟ್ ಸೊನ್ನೆ" ಎನ್ನುತ್ತಿದ್ದರು. ಲೆಡ್ಜರಿನಲ್ಲೂ ಪಾಸ್‌ಬುಕ್ಕಿನಲ್ಲೂ 4.0 ಎಂದೇ ಬರೆಯಬೇಕು. ಒಂದು ಸಂಜೆ ಒಂಟಿ ಹಸು ಸಾಕಿ ಸಂಸಾರ ತೂಗಿಸುತ್ತಿದ್ದ ಒಬ್ಬ ಹೆಂಗಸು ಪಾಸ್‌ಬುಕ್ ನೋಡಿ ಸಿಡಿದಳು.

"ಇದ್ಯಾಕಣ್ಣ ನಂಗೆ ಸೊನ್ನೆ ಸುತ್ತಿದ್ದೀಯ? ಎಲ್ಲಾರಿಗೂ ಐದು ಆರು ಅಂತ ಬರ್ದು ನನ್ನ ಹಸಿಂದಕ್ಕೆ ಸೊನ್ನೆನಾ?"

ಅಪ್ಪ ಕೊಳವೆಯನ್ನೇ ಅವಳ ಕೈಗೆ ಕೊಟ್ಟರು. "ನೋಡಕ್ಕ, ಎಣಿಸು. ನಾಲ್ಕು ದೊಡ್ಡ ಗೆರೆ ಆಗೈತೆ. ಅದರಿಂದಾಚೆ ಸಣ್ಣ ಗೆರೆ ಒಂದೂ ಇಲ್ಲ. ನಾನು ಸಣ್ಣ ಗೆರೆ ನೋಡೇ ಇಲ್ಲ ಅಂತ ನಾಳೆ ಯಾರೂ ಅನ್ನಬಾರದು, ಅದಕ್ಕೆ ಸೊನ್ನೆ ಬರೀತೀನಿ. ಬರೀ ನಾಲ್ಕು ಅಂತ ಬಿಟ್ರೆ ಅದರ ಪಕ್ಕ ಯಾರು ಬೇಕಾದ್ರೂ ಏನು ಬೇಕಾದ್ರೂ ಬರ್ಕೋಬೋದು."

ಅವಳು ಎಣಿಸಿದಳು. ಆಮೇಲೆ ಪಾಸ್‌ಬುಕ್ ಮಡಿಲಿಗಿಟ್ಟುಕೊಂಡು ಹೋದಳು. ಬಟವಾಡೆಯ ದಿನ ಹಣ ಎಣಿಸಿಕೊಳ್ಳುವಾಗಲೂ ಅವಳು ಸೊನ್ನೆಯ ಮಾತೆತ್ತಲಿಲ್ಲ. ಗಣಿತದ ಪ್ರಕಾರ 4 ಮತ್ತು 4.0 ಎರಡರ ಬೆಲೆಯೂ ಒಂದೇ. ಅಳತೆಯ ಪ್ರಕಾರ ಒಂದೇ ಅಲ್ಲ. ಬರಿಯ 4 ಎಂದರೆ ಮೂರೂವರೆಯಿಂದ ನಾಲ್ಕೂವರೆಯೊಳಗೆ ಎಲ್ಲೋ ಇದೆ ಎಂದೂ ಆಗಬಹುದು. 4.0 ಎಂದರೆ ಹತ್ತನೇ ಭಾಗದವರೆಗೂ ಕಣ್ಣಿಟ್ಟು ಓದಲಾಗಿದೆ. ಮುಂದೆ ಪಿಯುಸಿಯ ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದು 2.50 ಸೆಂ.ಮೀ. ಎಂದು ಬರೆಯಲು ಹೇಳಿದಾಗ ಗೆಳತಿಯರು ಸೊನ್ನೆ ಯಾಕೆ ಎಂದು ಕೇಳುತ್ತಿದ್ದರು. ನನಗೆ ಹೇಳಿಕೊಡಬೇಕಾಗಿರಲಿಲ್ಲ.

ಇದೇ ಸೊನ್ನೆಯನ್ನು ನನ್ನ ತಂಗಿ ಕಂಡರೆ ಕೆಂಡವಾಗುತ್ತಾಳೆ. ಅವಳು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಔಷಧಿಯ ಚೀಟಿಯಲ್ಲಿ ಯಾರಾದರೂ 1.0 ಮಿ.ಗ್ರಾಂ ಎಂದು ಬರೆದಿದ್ದರೆ ಅವಳು ವಾಪಸ್ ಹೋಗಿ ಕೇಳಿ ಖಾತ್ರಿ ಮಾಡಿಕೊಳ್ಳದೆ ಔಷಧಿ ಕೊಡುತ್ತಿರಲಿಲ್ಲ. ಚುಕ್ಕಿ ಸಣ್ಣದು. ಕಾಗದದ ಗೆರೆಯ ಮೇಲೆ ಬಿದ್ದರೆ, ಶಾಯಿ ಹತ್ತದಿದ್ದರೆ, ಜೆರಾಕ್ಸಿನಲ್ಲಿ ಮಾಸಿದರೆ 1.0 ಎಂಬುದು 10 ಆಗುತ್ತದೆ. ರೋಗಿಗೆ ಹತ್ತು ಪಟ್ಟು ಔಷಧಿ. ಹಾಗೆಯೇ ಚುಕ್ಕಿಯ ಮುಂದೆ ಸೊನ್ನೆ ಹಾಕದೆ ಬರೆದ .5 ಎಂಬುದು 5 ಆಗುತ್ತದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆ 0.25 ಮಿ.ಗ್ರಾಂ. ಅದರಲ್ಲಿ ಮುಂದಿನ ಸೊನ್ನೆಗೆ ಗಣಿತದಲ್ಲಿ ಯಾವ ಬೆಲೆಯೂ ಇಲ್ಲ. ಆದರೆ ಆ ಸೊನ್ನೆ ಕಂಡ ಕಣ್ಣು ತನ್ನಷ್ಟಕ್ಕೆ ಅದರ ಪಕ್ಕದ ಚುಕ್ಕಿಯನ್ನು ಹುಡುಕುತ್ತದೆ. ಚುಕ್ಕಿಯ ಮುಂದೆ ಸೊನ್ನೆ ಇರಲೇಬೇಕು, ಕೊನೆಯಲ್ಲಿ ಸೊನ್ನೆ ಇರಲೇಬಾರದು ಎಂಬುದು ಅವಳ ವೃತ್ತಿಯ ನಿಯಮ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಮಾಡಿದ 'ಬಳಸಬಾರದವುಗಳ ಪಟ್ಟಿ'ಯಲ್ಲೂ ಈ ಎರಡೂ ಇವೆ.

ಅಪ್ಪ ಬದುಕಿದ್ದಾಗ ಹಬ್ಬಕ್ಕೆ ಎಲ್ಲರೂ ಸೇರಿದರೆ ಇವರಿಬ್ಬರದೂ ವಾದ. ಅಪ್ಪನಿಗೆ 4.0 ಪ್ರಾಮಾಣಿಕತೆ, ಅವಳಿಗೆ 1.0 ಅಪಾಯ. ಇಬ್ಬರೂ ಸರಿ ಎಂದು ನಾನು ಹೇಳಿದರೆ, "ನೀನು ಮೇಷ್ಟ್ರ ತರ ತಪ್ಪಿಸ್ಕೋಬೇಡ ಕಣೆ" ಎನ್ನುತ್ತಿದ್ದಳು. ಆದರೆ ಆ ಪಟ್ಟಿಯಲ್ಲೇ ಒಂದು ವಿನಾಯಿತಿ ಇದೆ: ಪ್ರಯೋಗಾಲಯದ ವರದಿಯಲ್ಲಿ ಅಳತೆ ಎಷ್ಟು ಸೂಕ್ಷ್ಮ ಎಂದು ತೋರಿಸಬೇಕಾದ ಕಡೆ ಕೊನೆಯ ಸೊನ್ನೆ ಬರೆಯಬಹುದು. ಅಪ್ಪ ಬರೆಯುತ್ತಿದ್ದದ್ದು ಅಂಥ ವರದಿಯನ್ನೇ. ಅವಳ ಕೈಯಲ್ಲಿದ್ದದ್ದು ಇನ್ನೊಬ್ಬರ ಮೈಗೆ ಹೋಗುವ ಔಷಧಿ. ಅಳೆದವನು ಬರೆಯುವ ಸೊನ್ನೆ ಬೇರೆ, ಕೊಡುವವನಿಗೆ ಬರೆಯುವ ಸೊನ್ನೆ ಬೇರೆ. ಮಕ್ಕಳಿಗೆ '4 ಮತ್ತು 4.0 ಸಮ' ಎಂದು ಹೇಳಿ ಮುಂದೆ ಹೋಗುವವರು ಇಷ್ಟನ್ನೂ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಜ್ಜಿಯ ಲೆಕ್ಕ ಇನ್ನೂ ಹಿಂದಿನದು. ಸಂತೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದ ಅವಳಿಗೆ ರೂಪಾಯಿ ಎಂದರೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು; ನೂರು ಪೈಸೆಗೆ ರೂಪಾಯಿ. ಆಣೆಗೆ ಆರೂಕಾಲು ಪೈಸೆ ಆಗಬೇಕು, ಕಾಲು ಪೈಸೆ ಎಲ್ಲಿಂದ ತರುವುದು? ಅದಕ್ಕೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಪಟ್ಟಿ ಮಾಡಿದ್ದರು. ಒಂದೊಂದಾಣೆಯಂತೆ ನಾಲ್ಕು ಸಲ ಎಲೆ ಕೊಂಡವನು 24 ಪೈಸೆ ಕೊಟ್ಟು ಹೋಗುತ್ತಿದ್ದ, ಒಂದೇ ಸಲ ಕೊಂಡವನು 25 ಕೊಡಬೇಕಿತ್ತು. ಆ ಒಂದು ಪೈಸೆಯ ದುಃಖವನ್ನು ಅಜ್ಜಿ ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದಳು. ಆಣೆಯ ಕಾಲದ ಲೆಕ್ಕದ ಪುಸ್ತಕಗಳಲ್ಲಿ ರೂಪಾಯಿ-ಆಣೆ-ಪೈ ಎಂದು 3-0-6ರಂತೆ ಬರೆಯುತ್ತಿದ್ದರು. ಮೂರು ರೂಪಾಯಿ, ಆಣೆ ಇಲ್ಲ, ಆರು ಪೈ. ಅಲ್ಲೂ ನಡುವಿನ ಸೊನ್ನೆ ತನ್ನ ಮನೆ ಬಿಟ್ಟುಕೊಟ್ಟಿಲ್ಲ.

ನಿವೃತ್ತಿಯಾದ ಮೇಲೆ ಸಹೋದ್ಯೋಗಿಗಳ ಜೊತೆ ಗ್ವಾಲಿಯರ್‌ಗೆ ಹೋಗಿದ್ದೆ. ಕೋಟೆಗೆ ಹತ್ತುವ ದಾರಿಯಲ್ಲಿ ಬಂಡೆಯನ್ನು ಕೊರೆದು ಮಾಡಿದ ಪುಟ್ಟ ಚತುರ್ಭುಜ ದೇವಸ್ಥಾನ. ಅಲ್ಲಿ 876ರ ಶಾಸನವಿದೆ. ದೇವರ ಹೂತೋಟಕ್ಕೆ ಬಿಟ್ಟ ನೆಲ 270 ಹಸ್ತ ಉದ್ದ, 187 ಹಸ್ತ ಅಗಲ. ದಿನಕ್ಕೆ 50 ಹೂಮಾಲೆ ಕೊಡಬೇಕು. 270ರಲ್ಲೂ 50ರಲ್ಲೂ ಸೊನ್ನೆ ಇದೆ, ಪುಟ್ಟ ದುಂಡು. ಕಂಡಾಗ ಮೈ ಜುಮ್ಮೆಂದಿತು. ಸ್ಥಾನಬೆಲೆಯ ಸೊನ್ನೆ ಅಲ್ಲಿ ಪಂಡಿತರ ಗ್ರಂಥದಿಂದ ಇಳಿದು ನೆಲದ ಅಳತೆಗೆ, ಹೂವಿನ ಲೆಕ್ಕಕ್ಕೆ ಬಂದುಬಿಟ್ಟಿತ್ತು. ಬ್ರಹ್ಮಗುಪ್ತ ಸೊನ್ನೆಯನ್ನು ಕೂಡುವ, ಕಳೆಯುವ ನಿಯಮ ಬರೆದದ್ದು 628ರಲ್ಲಿ. ನಮ್ಮ ನೆಲದಲ್ಲಿ ನೃಪತುಂಗನ ಕಾಲದ ಮಹಾವೀರಾಚಾರ್ಯ, ಸುಮಾರು 850ರಲ್ಲಿ, ಗಣಿತಸಾರಸಂಗ್ರಹದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟ. 12ನೇ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ.

ಬಿಡಿಸ್ಥಾನದಿಂದ ಎಡಕ್ಕೆ 24 ಮನೆಗಳವರೆಗೆ ಹೋದವರು ಬಲಕ್ಕೆ ಹತ್ತರ ಮೆಟ್ಟಿಲು ಇಳಿಯಲಿಲ್ಲ ಎಂಬುದು ನನ್ನನ್ನು ಬಹಳ ಕಾಡಿದೆ. ಬಹುಶಃ ಬೇಕಾಗಲಿಲ್ಲ. ಸಂತೆಯಲ್ಲಿ ಕಾಲು, ಅರೆ, ಮುಕ್ಕಾಲು, ಹದಿನಾರನೇ ಒಂದಕ್ಕೆ ವೀಸ. ಎಲ್ಲವೂ ಅರ್ಧ ಅರ್ಧ ಮಾಡುತ್ತ ಬಂದದ್ದು. ಪಂಚಾಂಗದವರು ಘಳಿಗೆ, ವಿಘಳಿಗೆ ಎಂದು ಅರವತ್ತರಿಂದ ಇಳಿದರು. ಹತ್ತರಿಂದ ಇಳಿದವನು ಡಮಾಸ್ಕಸ್ಸಿನ ಅಲ್ ಉಕ್ಲಿದಿಸಿ, 952ರ ಸುಮಾರಿಗೆ. ಯುರೋಪಿನಲ್ಲಿ ಅದನ್ನು ಜನಬಳಕೆಗೆ ತಂದದ್ದು ಸೈಮನ್ ಸ್ಟೆವಿನ್ 1585ರಲ್ಲಿ ಬರೆದ ಚಿಕ್ಕ ಪುಸ್ತಕ. ಅವನು ಚುಕ್ಕಿ ಇಡಲಿಲ್ಲ. ಪ್ರತಿ ಅಂಕಿಯ ಪಕ್ಕ ಅದು ಎಷ್ಟನೇ ಮನೆಯದು ಎಂದು ಸಣ್ಣ ವೃತ್ತದೊಳಗೆ ಬರೆದ. ನಾನೂರ ಏಳು ಎಂದು ನಾವು ಬಾಯಲ್ಲಿ ಹೇಳುವ ಹಾಗೆಯೇ ಅದು, ಮನೆಯ ಗುರುತು ಅಂಕಿಯ ಜೊತೆಗೇ ಬರುತ್ತದೆ. ಆ ವೃತ್ತಗಳು ಹೋಗಿ ಒಂದೇ ಚುಕ್ಕಿ ಉಳಿದ ಮೇಲೆ ಅವುಗಳ ಭಾರವೆಲ್ಲ ಸೊನ್ನೆಯ ಮೇಲೆ ಬಿತ್ತು.

ನನ್ನ ಕೊನೆಯ ವರ್ಷಗಳಲ್ಲಿ ಶಾಲೆಯ ಇಕೋ ಕ್ಲಬ್ಬಿನ ಮಕ್ಕಳು ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟಿದ್ದರು. ಹವಾಮಾನ ಇಲಾಖೆಯಂತೆ ಬೆಳಿಗ್ಗೆ 8.30ಕ್ಕೇ ನೋಡಬೇಕು ಎಂದು ಪಾಳಿ ಮಾಡಿಕೊಂಡಿದ್ದರು. 2.5 ಮಿಲಿಮೀಟರಿಗೆ ಕಡಿಮೆ ಬಂದರೆ ಇಲಾಖೆ ಅದನ್ನು ಮಳೆ ದಿನ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಅವರಿಗೆ ಬಾಯಿಪಾಠ. ಮಳೆ ಬಾರದ ದಿನ ಕಾಲಂ ಖಾಲಿ ಬಿಡೋಣ ಎಂದು ಮೊದಲು ಕೆಲವರು ಹೇಳಿದರು. ಹಾಗೆ ಬಿಟ್ಟರೆ ನೋಡಿಲ್ಲ ಎಂದೂ ಆಗುತ್ತದೆ ಎಂದು ಉಳಿದವರು ಒಪ್ಪಲಿಲ್ಲ. ಮಾರ್ಚ್ ತಿಂಗಳ ಪುಟದಲ್ಲಿ ಮೇಲಿಂದ ಕೆಳಗೆ 0.0, 0.0 ಎಂದು ಸಾಲು. ಜೂನ್ ತಿಂಗಳ ಒಂದು ಸೋಮವಾರ ಜಗಳ ಹತ್ತಿತು. ಭಾನುವಾರ ಯಾರೂ ಬಂದು ನೋಡಿರಲಿಲ್ಲ. ಸೋಮವಾರ ಜಾಡಿಯಲ್ಲಿ ಹನ್ನೆರಡು ಮಿಲಿಮೀಟರ್ ನೀರು. ಭಾನುವಾರಕ್ಕೆ 0.0 ಬರೆಯಬೇಕು ಎಂದು ಒಂದು ಗುಂಪು. ನೋಡದೆ ಸೊನ್ನೆ ಬರೆದರೆ ಸುಳ್ಳಾಗುತ್ತದೆ ಎಂದು ಇನ್ನೊಂದು. ನನ್ನ ಕಡೆ ತಿರುಗಿದರು, ನಾನು ನೀವೇ ತೀರ್ಮಾನಿಸಿ ಎಂದೆ. ಪ್ರಾರ್ಥನೆಯ ಗಂಟೆ ಹೊಡೆದರೂ ಮಾತು ಮುಗಿದಿರಲಿಲ್ಲ. ಕೊನೆಗೆ ಏಳನೇ ತರಗತಿಯ ಹುಡುಗಿ ರಿಜಿಸ್ಟರ್ ಎಳೆದುಕೊಂಡು ಭಾನುವಾರದ ಎದುರು ಒಂದು ಅಡ್ಡಗೆರೆ ಎಳೆದಳು. ಸೋಮವಾರದ ಎದುರು 'ಎರಡು ದಿನದ್ದು ಸೇರಿ 12.0' ಎಂದು ಬರೆದು, ಎಲ್ಲರೂ ರುಜು ಹಾಕಿ ಎಂದು ಪೆನ್ನು ಮುಂದಕ್ಕೆ ಚಾಚಿದಳು.